ಟಪಾಲಕ್ಕನ ನಾಲ್ಕನೇ ಸಾಲು

ನಮ್ಮ ಅತ್ತೆ ಒಂದು ಪುಟ ಬರೆದಿದ್ದಾಳೆ. ಒಂದೇ ಒಂದು ಪುಟ. ಅದನ್ನು ದಿನಕ್ಕೆ ಏನಿಲ್ಲವೆಂದರೂ ಆರುನೂರು ಸಲ ಓದಲಾಗುತ್ತದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಷ್ಟು ಓದಿಸಿಕೊಂಡ ಲೇಖಕಿ ಇದ್ದರೆ ಕೈ ಎತ್ತಿ. ಇಲ್ಲ ತಾನೇ? ಹಾಗಾದರೆ ಸುಮ್ಮನೆ ಕೇಳಿ. ಓದುವುದು ಮನುಷ್ಯರಲ್ಲ ಅನ್ನುವುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇರುತ್ತಾಳೆ, ನನ್ನ ಕೋಣೆಯಲ್ಲೇ ಮಲಗುತ್ತಾಳೆ, ನನ್ನ ಬೀರುವಿನಲ್ಲಿ ಮುಕ್ಕಾಲು ಪಾಲು ಅವಳ ಸೀರೆಗಳೇ. ವಯಸ್ಸು ಐವತ್ತನಾಲ್ಕು. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಮೂವತ್ತು ವರ್ಷದಿಂದ ಟಪಾಲು ಕೋಣೆ ನೋಡಿಕೊಳ್ಳುತ್ತಾಳೆ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಸಾಹೇಬರ ತನಕ ಎಲ್ಲರಿಗೂ ಅವಳು ಟಪಾಲಕ್ಕ.

ಆ ಕೋಣೆ ಮೆಟ್ಟಿಲ ಪಕ್ಕದಲ್ಲಿದೆ. ಕಾರಿಡಾರಿಗೆ ತೆರೆದುಕೊಂಡ ಒಂದು ಮರದ ಕಿಟಕಿ. ಜನ ಮೊಣಕೈ ಊರಿ ಊರಿ ಅದರ ಅಂಚು ಕನ್ನಡಿಯ ಹಾಗೆ ಹೊಳೆಯುತ್ತದೆ. ಮುಂಚೆ ಕಂಪನಿಗೆ ಬರುವ ಪ್ರತಿಯೊಂದು ಕಾಗದವೂ ಆ ಕಿಟಕಿಯಿಂದಲೇ ಒಳಗೆ ಬರಬೇಕಿತ್ತು. ಅತ್ತೆ ಅದರ ನೆತ್ತಿಗೆ ನಂಬರ್ ಮೊಹರು ಹೊಡೆದು, ನೀಲಿ ಬಟ್ಟೆಯ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ಆಮೇಲೆಯೇ ಮೇಲೆ ಕಳಿಸುತ್ತಿದ್ದಳು. ರಿಜಿಸ್ಟರಿನಲ್ಲಿ ಇಲ್ಲದ ಕಾಗದ ಬಂದೇ ಇಲ್ಲ. ಅಷ್ಟೇ ಲೆಕ್ಕ.

ಒಮ್ಮೆ ಕಟ್ಟಡದ ಮಾಲೀಕನೊಬ್ಬ ವಕೀಲರನ್ನೇ ಕರೆದುಕೊಂಡು ಬಂದು, "ಮಾರ್ಚಿನಲ್ಲೇ ನೋಟಿಸು ಕಳಿಸಿದ್ದೇವೆ, ನೀವು ನುಂಗಿ ಹಾಕಿದ್ದೀರಿ" ಎಂದು ಕೂಗಾಡಿದನಂತೆ. ಅತ್ತೆ ಮಾರ್ಚ್ ತಿಂಗಳ ರಿಜಿಸ್ಟರು ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು. "ಇಲ್ಲ" ಎಂದಳು. ಅಷ್ಟೇ ಮಾತು. ಹದಿನೈದು ದಿನದ ಮೇಲೆ ಆ ನೋಟಿಸು ವಕೀಲರ ಗುಮಾಸ್ತನ ಚೀಲದಲ್ಲೇ ಸಿಕ್ಕಿತು. ಅಂದಿನಿಂದ ಆಫೀಸಿನಲ್ಲಿ ಒಂದು ಮಾತು ಹುಟ್ಟಿಕೊಂಡಿತು: ಟಪಾಲಕ್ಕ ಇಲ್ಲ ಅಂದ್ರೆ ಇಲ್ಲ. ಈ ಮಾತನ್ನು ಅತ್ತೆ ಒಳ್ಳೆಯ ಸೀರೆಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದಾಳೆ.

ಆಮೇಲೆ ಇಮೇಲ್ ಬಂತು, ಕಿಟಕಿ ಖಾಲಿಯಾಯಿತು. ಐದು ಶಾಖೆಗಳ ಹತ್ತೊಂಬತ್ತು ವರ್ಷದ ಮೇಲ್‌ಗಳನ್ನೂ ಅವಳ ಉಸ್ತುವಾರಿಗೇ ಕೊಟ್ಟರು. ಕಳೆದ ವರ್ಷ ಅದೇ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದೆ. ಅಲ್ಲಿ ನಾವು ಮೂವರೇ. ನಮ್ಮ ಕೆಲಸ ಒಂದು ಏಜೆಂಟ್ ತಯಾರು ಮಾಡುವುದು. ಏಜೆಂಟ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ನಾವು ಮಾತಾಡುವ ಹಾಗೆಯೇ ಅದನ್ನು ಏನಾದರೂ ಕೇಳಬಹುದು. ಅದು ತನ್ನ ಕೈಗೆ ಕೊಟ್ಟ ಉಪಕರಣಗಳನ್ನು ಬಳಸಿ ಉತ್ತರ ಹುಡುಕಿ ತರುತ್ತದೆ. ಮೇಲ್ ಹುಡುಕುವ ಉಪಕರಣ ಮಾಡಿದ್ದು ನಾನು. ಆದರೆ ಆ ಉಪಕರಣದ ಒಳಗೆ ಏನಿದೆ ಎನ್ನುವುದು ಏಜೆಂಟಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಉಪಕರಣದ ಜೊತೆ ಇಟ್ಟ ಒಂದು ಪುಟದ ವಿವರಣೆ ಮಾತ್ರ. ಪ್ರತಿ ಸಲ ಹುಡುಕುವ ಮುಂಚೆ ಅದನ್ನು ಓದುತ್ತದೆ, ಅದರಲ್ಲಿ ಹೇಳಿದ ಹಾಗೆ ನಡೆದುಕೊಳ್ಳುತ್ತದೆ.

ನಾನು ಮೂರು ಸಾಲು ಬರೆದಿದ್ದೆ. ಈ ಉಪಕರಣ ಮೇಲ್ ಹುಡುಕುತ್ತದೆ, ಪದ ಕೊಡಿ, ಫಲಿತಾಂಶ ಬರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಅತ್ತೆಗೆ ತೋರಿಸಿದೆ. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದಳು.

"ಇದೇನೇ ಇದು?"

"ಡಾಕ್ಯುಮೆಂಟೇಶನ್."

"ಹೊಸದಾಗಿ ಕೆಲಸಕ್ಕೆ ಬಂದ ಗುಮಾಸ್ತನಿಗೆ ಇಷ್ಟೇ ಹೇಳಿ ಒಳಗೆ ಕಳಿಸ್ತೀಯಾ? ಪಾಪ, ಅದು ಬಾಗಿಲಲ್ಲೇ ಎಡವಿ ಬೀಳುತ್ತೆ."

"ಅದು ಗುಮಾಸ್ತ ಅಲ್ಲ ಅತ್ತೆ, ಪ್ರೋಗ್ರಾಮು."

"ಹೇಳಿದ್ದು ಕೇಳುತ್ತೆ ತಾನೆ? ಓದಕ್ಕೆ ಬರುತ್ತೆ ತಾನೆ? ಮತ್ತಿನ್ನೇನು! ನಿನಗಿಂತ ವಾಸಿ. ಇಲ್ಲಿ ಕೊಡು."

ಎರಡು ದಿನ ಕೂತು ಹನ್ನೊಂದು ಸಾಲು ಬರೆದಳು. ಒಂದು ಸಲಕ್ಕೆ ಇಪ್ಪತ್ತು ಮೇಲ್ ಮಾತ್ರ ಬರುತ್ತವೆ, ಮಿಕ್ಕಿದ್ದು ಬೇಕಾದರೆ ಮತ್ತೆ ಕೇಳು. ತಾರೀಖು ಎಂದರೆ ಮೇಲ್ ಬಂದ ತಾರೀಖು, ಕೆಲಸ ನಡೆದ ತಾರೀಖಲ್ಲ. ಮೇಲ್ ಜೊತೆ ಅಂಟಿಸಿದ ಚಿತ್ರದೊಳಗಿನ ಅಕ್ಷರ ಈ ಉಪಕರಣಕ್ಕೆ ಕಾಣುವುದಿಲ್ಲ. ನಾನು ಮಾಡಿದ ಉಪಕರಣದ ಬಗ್ಗೆ ನನಗೇ ಹೊಳೆಯದೆ ಇದ್ದದ್ದನ್ನೆಲ್ಲ ಹತ್ತು ಸಲ ಕೇಳಿ ಕೇಳಿ ಹೊರಗೆ ಎಳೆದಳು. ಅಪ್ಪ ಊಟಕ್ಕೆ ಕೂತಾಗ, "ನಮ್ಮಕ್ಕ ಈಗ ಯಂತ್ರಕ್ಕೆ ಮಗ್ಗಿ ಹೇಳ್ಕೊಡ್ತಿದಾಳೆ" ಎಂದು ರೇಗಿಸಿದರು. "ನಿನಗೆ ಹೇಳ್ಕೊಟ್ಟಿದ್ದು ದಂಡ ಆಯ್ತಲ್ಲ, ಇದಕ್ಕಾದ್ರೂ ಬರ್ಲಿ ಬಿಡು" ಎಂದಳು ಅತ್ತೆ.

ಈಗ ನಾಲ್ಕನೇ ಸಾಲಿಗೆ ಬರೋಣ. ಮೊದಮೊದಲು ಏಜೆಂಟ್ ಏನೂ ಸಿಗದಿದ್ದಾಗ, ಇರಬಹುದು, ಇಲ್ಲದೆಯೂ ಇರಬಹುದು, ಖಚಿತವಾಗಿ ಹೇಳಲಾಗದು ಎಂದು ರಬ್ಬರಿನ ಹಾಗೆ ಎಳೆಯುತ್ತಿತ್ತು. ಅತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಏನು ರಾಗ ಇದು? ಟಪಾಲು ಕೋಣೇಲಿ ಕೂತವರು ಹೀಗೆಲ್ಲ ಮಾತಾಡಲ್ಲ" ಎಂದು ನಾಲ್ಕನೇ ಸಾಲನ್ನು ಹೀಗೆ ಬರೆದಳು: "ಹುಡುಕಿ ಸಿಗದಿದ್ದರೆ, ಅಂಥ ಮೇಲ್ ಬಂದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳು. ಎಳೆಯಬೇಡ."

ಏಜೆಂಟ್ ಅಂದಿನಿಂದ ಅತ್ತೆಯ ಹಾಗೆಯೇ ಮಾತಾಡತೊಡಗಿತು. ಎಲ್ಲರಿಗೂ ಖುಷಿ. ನನಗಂತೂ ಎರಡು ಕೊಂಬು ಬಂದಿದ್ದವು.

ಮೂರು ವಾರ ಕಳೆದಿರಬೇಕು. ಒಂದು ಬುಧವಾರ ಮಧ್ಯಾಹ್ನ ನಾನು ಅತ್ತೆಯ ಕೋಣೆಯಲ್ಲೇ ಡಬ್ಬಿ ತೆರೆದು ಕೂತಿದ್ದೆ. ಕಿಟಕಿಯಲ್ಲಿ ಗ್ರೀಸಣ್ಣ ಬಂದು ನಿಂತ. ಗ್ರೀಸಣ್ಣ ನಮ್ಮ ಕಂಪನಿಯ ಹಿರಿಯ ಮೆಕ್ಯಾನಿಕ್. ಇಪ್ಪತ್ತಾರು ವರ್ಷದ ಸರ್ವೀಸು. ಎಷ್ಟು ಸೋಪು ಹಾಕಿ ತೊಳೆದರೂ ಉಗುರ ಸಂದಿಯ ಕಪ್ಪು ಹೋಗುವುದಿಲ್ಲ, ಅದಕ್ಕೇ ಆ ಹೆಸರು. ಯಾವಾಗಲೂ ಬಂದವನೇ "ಏನಕ್ಕಾ, ಇವತ್ತು ಯಾರ ಪ್ರೇಮಪತ್ರ ಬಂದಿದೆ?" ಎನ್ನುತ್ತಿದ್ದವನು ಅಂದು ಸುಮ್ಮನೆ ಅಂಚಿಗೆ ಮೊಣಕೈ ಊರಿದ.

"ಅಕ್ಕಾ, ನೀವು ಹೀಗೆ ಮಾಡಬಾರದಾಗಿತ್ತು."

"ನಾನೇನು ಮಾಡಿದ್ನಪ್ಪಾ?"

"ನನ್ನ ಮೇಲ್ ಬಂದಿಲ್ಲ ಅಂದ್ರಂತೆ."

ವಿಷಯ ಇಷ್ಟು. ಹಿಂದಿನ ವಾರ ಒಂದು ನರ್ಸಿಂಗ್ ಹೋಮಿನ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಲವತ್ತು ನಿಮಿಷ ಸಿಕ್ಕಿಕೊಂಡು ನಿಂತಿತ್ತು. ಒಳಗೆ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು. ಯಾರಿಗೂ ಏನೂ ಆಗಲಿಲ್ಲ, ಆದರೆ ಬ್ರೇಕಿನ ಪಟ್ಟಿ ಪೂರ್ತಿ ಸವೆದಿತ್ತು. ನಾಲ್ಕು ತಿಂಗಳ ಹಿಂದೆ ಆ ಲಿಫ್ಟಿನ ಸರ್ವೀಸ್ ಕಾರ್ಡಿಗೆ ಕೊನೆಯ ಸಹಿ ಹಾಕಿದವನು ಗ್ರೀಸಣ್ಣ. ಪಟ್ಟಿ ಬದಲಿಸಬೇಕೆಂದು ಆಗಲೇ ಮೇಲ್ ಮಾಡಿದ್ದೆ ಎಂದು ಅವನು ಹೇಳಿದ. ಸರ್ವೀಸ್ ಮ್ಯಾನೇಜರು ಏಜೆಂಟನ್ನು ಕೇಳಿದರು. ಏಜೆಂಟ್ ಒಂದೇ ಮಾತಿನಲ್ಲಿ ಹೇಳಿತು: ಅಂಥ ಮೇಲ್ ಬಂದಿಲ್ಲ.

"ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ ಇಟ್ಟಿದಾರೆ" ಎಂದ ಗ್ರೀಸಣ್ಣ. "ಮೇಲ್ ಇಲ್ಲ ಅಂದ್ರೆ ನನ್ನ ಸಹಿ ಕಿತ್ಕೋತಾರೆ. ಇನ್ಮೇಲೆ ಲಿಫ್ಟಿನ ಕಾರ್ಡಿಗೆ ನಾನು ಸಹಿ ಹಾಕೋ ಹಾಗಿಲ್ಲ. ನಾನು ಕೆಲಸ ಕಲಿಸಿದ ಹುಡುಗರ ಕೈಕೆಳಗೆ ಸ್ಪ್ಯಾನರ್ ಹಿಡ್ಕೊಂಡು ನಿಲ್ಬೇಕು. ಐವತ್ತೊಂದನೇ ವಯಸ್ಸಲ್ಲಿ."

"ಅಲ್ಲಪ್ಪಾ, ನೀನು ನಿಜವಾಗ್ಲೂ ಕಳಿಸಿದ್ಯಾ?"

"ಅಕ್ಕಾ!"

"ಯಾವ ತಾರೀಖು?"

"ಅದೆಲ್ಲಿ ನೆನಪಿರುತ್ತೆ? ಕೆಲಸ ಮುಗಿಸಿ ಒಂದು ವಾರಾನೋ ಹತ್ತು ದಿನಾನೋ ಆದ್ಮೇಲೆ. ಆ ಫೋನು ಬೇರೆ ಲಿಫ್ಟಿನ ಗುಂಡಿಗೆ ಬಿದ್ದು ಸತ್ತು ಹೋಯ್ತು. ಇನ್ನು ಆಫೀಸಿನ ಕಂಪ್ಯೂಟರಲ್ಲಿ ನೋಡೋಣ ಅಂದ್ರೆ, ನಲವತ್ತು ಜನ ಮೆಕ್ಯಾನಿಕ್‌ಗೂ ಸೇರಿ ಒಂದೇ ವಿಳಾಸ. ಸಮುದ್ರ ಅದು."

ಅತ್ತೆ ಒಂದು ಕ್ಷಣ ಬಿಗಿಯಾದಳು. ಮೂವತ್ತು ವರ್ಷದ ಅಭ್ಯಾಸ ನೋಡಿ. "ಹುಡುಕಿ ನೋಡಿ ಇಲ್ಲ ಅಂದಿದೆ ಅಂದ್ರೆ..." ಎಂದು ಶುರು ಮಾಡಿದಳು.

ಗ್ರೀಸಣ್ಣ ಜಗಳ ಆಡಲಿಲ್ಲ. ಮೊಣಕೈ ತೆಗೆದ. "ಮುಂಚೆ ಆಗಿದ್ರೆ ಈ ಕಿಟಕೀಲಿ ನಿಮ್ಮ ಕೈಗೇ ಕೊಡ್ತಿದ್ದೆ. ಠಕ್ ಅಂತ ಮೊಹರು ಬೀಳೋದು, ನಾನು ನೆಮ್ಮದಿಯಾಗಿ ಹೋಗ್ತಿದ್ದೆ" ಎಂದು ಹೇಳಿ ಹೊರಟುಹೋದ.

ಅತ್ತೆ ಡಬ್ಬಿ ಮುಚ್ಚಿದಳು. ಅರ್ಧ ಊಟ ಹಾಗೆಯೇ ಇತ್ತು. ನನ್ನ ಕಡೆ ತಿರುಗಿದಳು.

"ಅದು ಹೇಗೆ ಹುಡುಕ್ತು ಅಂತ ತೋರಿಸಕ್ಕೆ ಆಗುತ್ತಾ?"

ಏಜೆಂಟ್ ಮಾಡುವ ಪ್ರತಿ ಹುಡುಕಾಟವೂ ದಾಖಲಾಗಿರುತ್ತದೆ. ತೆರೆದು ತೋರಿಸಿದೆ. ನರ್ಸಿಂಗ್ ಹೋಮಿನ ಹೆಸರು ಮತ್ತು "ಬ್ರೇಕ್" ಎಂದು ಒಂದು ಸಲ. ಅದೇ ಹೆಸರು ಮತ್ತು "ದೂರು" ಎಂದು ಇನ್ನೊಂದು ಸಲ. ಮೇಲ್‌ನ ತಲೆಬರಹದಲ್ಲಿ ಲಿಫ್ಟ್ ಎಂಬ ಪದವಿದೆಯೇ ಎಂದು ಸರ್ವೀಸಿನ ದಿನದ ಮೇಲ್‌ಗಳಲ್ಲಿ ಮತ್ತೊಂದು ಸಲ. ಒಟ್ಟು ಹನ್ನೆರಡು ಸೆಕೆಂಡು.

"ಮೂರು ಸಲ ಬಾಗಿಲು ಬಡಿದು, ಊರಲ್ಲಿ ಜನಾನೇ ಇಲ್ಲ ಅಂತ ಹೇಳಿಬಿಡ್ತಾ ಇದು?" ಅತ್ತೆಯ ಧ್ವನಿ ಏರಿತು.

"ನೀನೇ ಎಳೀಬೇಡ ಅಂತ ಬರ್ದಿದ್ಯಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಬೈಯಲಿಲ್ಲ. ತನ್ನ ಪುಟ ತೆರೆಸಿ, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದಳು. ಅವಳ ಮುಖ ಇಷ್ಟು ಚಿಕ್ಕದಾಯಿತು.

"ನನ್ನ ರಿಜಿಸ್ಟರಲ್ಲಿ ಇಲ್ಲ ಅಂದ್ರೆ ಯಾಕೆ ಇಲ್ಲ ಗೊತ್ತಾ?" ಎಂದಳು. "ಎಲ್ಲಾನೂ ಈ ಕಿಟಕಿ ದಾಟೇ ಬರ್ತಿತ್ತು. ನನ್ನ ಕಣ್ಣು ತಪ್ಪಿಸಿ ಒಂದು ಪೋಸ್ಟ್ ಕಾರ್ಡೂ ಬರ್ತಿರಲಿಲ್ಲ. ಆ ಮಾತಿಗೆ ಬೆಲೆ ಬಂದಿದ್ದು ಅದಕ್ಕೆ. ಈ ಯಂತ್ರದ ಕಣ್ಣ ಮುಂದೆ ಏನು ದಾಟಿದೆ? ಏನೂ ಇಲ್ಲ. ಕತ್ತಲೆ ಗೋಡೌನಲ್ಲಿ ಕಡ್ಡಿ ಗೀರಿ ನೋಡ್ತಾ ಇದೆ. ಅದರ ಬಾಯಿಗೆ ನನ್ನ ಮಾತು ತುರುಕಿಬಿಟ್ಟೆ ಕಣೇ."

ಗುರುವಾರ ಬೆಳಿಗ್ಗೆ ಅವಳು ಟಪಾಲು ಕೋಣೆಗೆ ಬೀಗ ಹಾಕಿ, ನನ್ನನ್ನು ಎಳೆದುಕೊಂಡು ಹಿತ್ತಲಿನ ವರ್ಕ್‌ಶಾಪಿಗೆ ಹೋದಳು. ಅಲ್ಲಿ ಏಳೆಂಟು ಮೆಕ್ಯಾನಿಕ್‌ಗಳು ಕೆಲಸಕ್ಕೆ ಹೊರಡುವ ಮುಂಚೆ ಟೀ ಕುಡಿಯುತ್ತಿದ್ದರು. ಅತ್ತೆ ಒಂದು ಮಗುಚಿದ ಡ್ರಮ್ಮಿನ ಮೇಲೆ ಕೂತು, "ಸಾಮಾನು ಬೇಕು ಅಂತ ಹೇಗೆ ಮೇಲ್ ಮಾಡ್ತೀರಾ? ಮಾಡಿ ತೋರಿಸಿ" ಎಂದಳು.

"ಅಕ್ಕ ಪರೀಕ್ಷೆ ಇಟ್ರು! ಎಲ್ಲಾ ಸಾಲಾಗಿ ನಿಲ್ರೋ!" ಎಂದ ಒಬ್ಬ.

ಒಬ್ಬ ಯುವ ಮೆಕ್ಯಾನಿಕ್ ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಫೋನ್ ತೆರೆದ. ಆಫೀಸಿನಿಂದ ಬಂದ ಮೇಲ್‌ಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದನ್ನು ಒತ್ತಿದ. ರಜೆಯ ಪಟ್ಟಿ ಅದು. ಅದಕ್ಕೇ ಉತ್ತರವಾಗಿ "೧೨ ಬಾಗಿಲ ರೋಲರ್ ೨ ಬೇಕು" ಎಂದು ಬರೆದು ಕಳಿಸಿಯೇಬಿಟ್ಟ.

"ರಜೆ ಪಟ್ಟಿಗೂ ರೋಲರಿಗೂ ಏನೋ ಸಂಬಂಧ?" ಅತ್ತೆ ಕೇಳಿದಳು.

"ಹೊಸದು ತೆಗೆದ್ರೆ ವಿಳಾಸ ಹಾಕ್ಬೇಕು, ತಲೆಬರಹ ಹಾಕ್ಬೇಕು. ಕೈಯೆಲ್ಲ ಎಣ್ಣೆ ಇರುತ್ತಕ್ಕಾ. ಇದಾದ್ರೆ ಒಂದೇ ಒತ್ತು."

"ಎಲ್ಲಾರೂ ಹೀಗೇನಾ?"

ಎಲ್ಲರೂ ತಲೆ ಆಡಿಸಿದರು. ಗ್ರೀಸಣ್ಣನೇ ಅವರಿಗೆಲ್ಲ ಕಲಿಸಿಕೊಟ್ಟ ವಿದ್ಯೆಯಂತೆ.

"ಮತ್ತೆ ಕಟ್ಟಡದ ಹೆಸರೆಲ್ಲಿ?"

"ಹೆಸರು ಯಾಕೆ? ಕಟ್ಟಡ ಕೈ ಬದಲಾದ್ರೆ ಹೆಸರೂ ಬದಲಾಗುತ್ತೆ. ಲಿಫ್ಟಿನ ನಂಬರ್ ಬದಲಾಗಲ್ಲ. ನಮಗೆ ಅದು ಹನ್ನೆರಡು, ಅಷ್ಟೇ."

ಅತ್ತೆ ಕಾಗದದ ಮೇಲೆ ಬರೆದುಕೊಂಡಳು. ಬ್ರೇಕಿನ ಪಟ್ಟಿಗೆ ಏನಂತೀರಿ? ಪಟ್ಟಿ. ಬರೀ ಪಟ್ಟಿ. ಮೋಟರಿಗೆ? ತಾತ. ಯಾಕೋ? ಸದಾ ಗೊರಗೊರ ಅಂತಿರುತ್ತಲ್ಲಕ್ಕಾ. ಅತ್ತೆ ನಗುತ್ತ ಅದನ್ನೂ ಬರೆದುಕೊಂಡಳು. ಹೊರಡುವಾಗ ನನ್ನ ಕಿವಿಯಲ್ಲಿ, "ನೋಡಿದ್ಯಾ? ಮೇಲ್‌ಗಳು ಎಲ್ಲೂ ಕಳೆದುಹೋಗಿಲ್ಲ. ನಾವು ಅವರ ಭಾಷೇಲಿ ಕೇಳಿಲ್ಲ" ಎಂದಳು.

ನರ್ಸಿಂಗ್ ಹೋಮಿನ ಲಿಫ್ಟಿನ ನಂಬರ್ ನಲವತ್ತೇಳು. "ಬಿಡು ಅತ್ತೆ, ನಲವತ್ತೇಳು ಅಂತ ನಾವೇ ಹುಡುಕಿ, ಆ ಮೇಲ್ ತೆಗೆದು ಮ್ಯಾನೇಜರ್ ಮುಖಕ್ಕೆ ಹಿಡಿಯೋಣ" ಎಂದೆ.

"ಇದೊಂದನ್ನ ನಾವೇ ಹುಡುಕಬಹುದು. ಮಿಕ್ಕಿದ್ದು? ಮೂರು ವಾರದಿಂದ ಅದು ಎಷ್ಟು ಜನಕ್ಕೆ ನನ್ನ ಮಾತಲ್ಲಿ ಇಲ್ಲ ಅಂದಿದೆಯೋ ಯಾರಿಗೆ ಗೊತ್ತು? ಪುಟ ಸರಿ ಮಾಡೋಣ. ಅದೇ ಹುಡುಕ್ಲಿ."

ಹೀಗೆ ಪುಟವನ್ನು ಮತ್ತೆ ಬರೆದೆವು. ಅವಳು ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ತಲೆಬರಹವನ್ನು ನಂಬಬೇಡ, ರಜೆಯ ಪಟ್ಟಿಯ ಕೆಳಗೂ ಲಿಫ್ಟಿನ ದೂರು ಇರಬಹುದು. ಮೆಕ್ಯಾನಿಕ್‌ಗಳು ಕಟ್ಟಡದ ಹೆಸರು ಬರೆಯುವುದಿಲ್ಲ. ಮೊದಲು ಯಾವ ಕಟ್ಟಡಕ್ಕೆ ಯಾವ ನಂಬರ್ ಎಂದಿರುವ ಸರ್ವೀಸ್ ಪಟ್ಟಿಯಲ್ಲಿ ಲಿಫ್ಟಿನ ನಂಬರ್ ನೋಡು, ಆಮೇಲೆ ಮೇಲ್ ಹುಡುಕು. ಮೋಟರ್ ಎಂದು ಸಿಗದಿದ್ದರೆ ತಾತ ಎಂದು ಹುಡುಕು. ಕೆಲಸ ಮುಗಿದ ದಿನದಿಂದ ಒಂದು ತಿಂಗಳ ತನಕ ನೋಡು, ಏಕೆಂದರೆ ಅವರು ಪುರುಸೊತ್ತಾದಾಗ ಬರೆಯುತ್ತಾರೆ.

ಮೂರು ಗಂಟೆಗೆ ಪರೀಕ್ಷೆ ಮಾಡಿದೆವು. ಸಿಗಲಿಲ್ಲ! ದಾಖಲೆ ತೆರೆದು ನೋಡಿದರೆ, ನಲವತ್ತೇಳು ಎಂಬ ಅಂಕಿ ಇದ್ದ ಮುನ್ನೂರಹತ್ತು ಮೇಲ್‌ಗಳು ಬಂದಿದ್ದವು. ಏಜೆಂಟ್ ಮೊದಲ ಇಪ್ಪತ್ತನ್ನು ಓದಿ ಕೈ ತೊಳೆದುಕೊಂಡಿತ್ತು. ಬೇಕಾದರೆ ಮತ್ತೆ ಕೇಳು ಎಂದು ನಾವು ಬರೆದಿದ್ದೆವು. ಅದಕ್ಕೆ ಬೇಕೆನಿಸಲಿಲ್ಲ, ಅಷ್ಟೇ.

"ಬೇಕಾದರೆ ಅನ್ನೋದನ್ನ ತೆಗಿ" ಎಂದಳು ಅತ್ತೆ. "ಕೊನೇ ಮೇಲ್ ತನಕ ಓದು, ನಡುವೆ ನಿಲ್ಲಬೇಡ ಅಂತ ಬರಿ. ಸೋಮಾರಿಗಳಿಗೆ ಹೇಳೋ ಹಾಗೆ ಹೇಳ್ಬೇಕು ಅದಕ್ಕೆ."

ಕೊನೆಗೆ ನಾಲ್ಕನೇ ಸಾಲು ಉಳಿಯಿತು. ಅದನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ಕೀಬೋರ್ಡು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. "ಹುಡುಕಿ ಸಿಗದಿದ್ದರೆ, ನನಗೆ ಸಿಗಲಿಲ್ಲ ಎಂದು ಹೇಳು. ಎಲ್ಲಿ ಹುಡುಕಿದೆ, ಯಾವ ಪದ ಹಾಕಿದೆ, ಎಲ್ಲಿ ಹುಡುಕಿಲ್ಲ, ಮೂರನ್ನೂ ಹೇಳು. ಬಂದಿಲ್ಲ ಎಂದು ಹೇಳುವ ಅಧಿಕಾರ ನಿನಗಿಲ್ಲ."

ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಮತ್ತೆ ಕೇಳಿದೆವು. ಈ ಸಲ ಹನ್ನೆರಡು ಸೆಕೆಂಡಲ್ಲ, ಒಂದೂವರೆ ನಿಮಿಷ ತೆಗೆದುಕೊಂಡಿತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಬಂತು. ಸಮವಸ್ತ್ರದ ಅಳತೆ ಎಂಬ ತಲೆಬರಹದ ಕೆಳಗೆ, ಸರ್ವೀಸ್ ಆದ ಒಂಬತ್ತನೇ ದಿನ ಕಳಿಸಿದ್ದ ಒಂದೂವರೆ ಸಾಲು: "೪೭ ಪಟ್ಟಿ ಸವೆದಿದೆ ಹೊಸದು ಬೇಕು. ಎರಡು ತಿಂಗಳು ಎಳೆಯಬಹುದು ಆಮೇಲೆ ನಾನು ಜವಾಬ್ದಾರ ಅಲ್ಲ." ಕೆಳಗೆ ಗ್ರೀಸಣ್ಣನ ಹೆಸರು.

ನಾನು ಕುರ್ಚಿ ಬಿಟ್ಟು ಕುಣಿದುಬಿಟ್ಟೆ. ಅತ್ತೆ ಕುಣಿಯಲಿಲ್ಲ. "ಮೂರು ವಾರದಲ್ಲಿ ಬಂದಿಲ್ಲ ಅಂತ ಹೇಳಿದ್ದೆಲ್ಲ ತೆಗಿ. ಒಂದೊಂದಾಗಿ ಮತ್ತೆ ಕೇಳೋಣ" ಎಂದಳು.

ಶುಕ್ರವಾರ ಹನ್ನೊಂದು ಗಂಟೆಗೆ ಮೇಲಿನ ಮಹಡಿಯ ಸಭೆ ಕೋಣೆ. ಉದ್ದನೆಯ ಮೇಜಿನ ಆ ತುದಿಯಲ್ಲಿ ಸಾಹೇಬರು ಮತ್ತು ಸರ್ವೀಸ್ ಮ್ಯಾನೇಜರು, ಈ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಪ್ಪು ಉಗುರುಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ ಗ್ರೀಸಣ್ಣ. ನಾನು ಎಲ್ಲರೆದುರಿಗೇ ಏಜೆಂಟಿಗೆ ಪ್ರಶ್ನೆ ಹಾಕಿದೆ. ಒಂದೂವರೆ ನಿಮಿಷದ ಮೇಲೆ ಗೋಡೆಯ ಪರದೆಯಲ್ಲಿ ಆ ಮೇಲ್ ಕಾಣಿಸಿತು. ಗ್ರೀಸಣ್ಣ ಅದನ್ನು ಓದಿದ, ಮತ್ತೆ ಓದಿದ. ಆಮೇಲೆ ಎರಡೂ ಕೈ ಎತ್ತಿ ಮೇಜಿನ ಮೇಲಿಟ್ಟ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಅಂದ್ರೆ ಯಂತ್ರ ತಪ್ಪು ಹೇಳಿತ್ತು ಅಂತಾಯ್ತು. ಯಂತ್ರ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಮುಗೀತಲ್ಲ, ಎಲ್ಲಾ ಕೆಲಸಕ್ಕೆ ಹೋಗಿ."

ನಿಜ ಹೇಳುತ್ತೇನೆ, ನಾನು ಎದ್ದೇಬಿಟ್ಟಿದ್ದೆ. ಅತ್ತೆ ಮಾತ್ರ ಕೂತೇ ಇದ್ದಳು.

"ಯಂತ್ರ ತಪ್ಪು ಮಾಡಿಲ್ಲ ಸಾರ್. ನಾನು ಹೇಳ್ಕೊಟ್ಟ ಹಾಗೆ ಹೇಳಿದೆ. ಅದರ ಪುಟದ ನಾಲ್ಕನೇ ಸಾಲು ನನ್ನದು."

ಸಾಹೇಬರು ತಲೆ ಎತ್ತಿದರು. ಅತ್ತೆ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಓದಿ ಹೇಳಿದಳು. ಆಮೇಲೆ ಒಂದು ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. "ಮೂರು ವಾರದಲ್ಲಿ ಇದು ನಲವತ್ತೊಂದು ಸಲ ಬಂದಿಲ್ಲ ಅಂದಿದೆ. ಎಲ್ಲಾನೂ ಮತ್ತೆ ಕೇಳಿದ್ವಿ. ಹದಿನೇಳು ಬಂದಿದ್ವು. ಯಾರ್ಯಾರಿಗೆ ತಪ್ಪು ಉತ್ತರ ಹೋಗಿದೆ ಅಂತ ಇದರಲ್ಲಿ ಬರೆದಿದೀನಿ. ಇವತ್ತು ಸಂಜೆ ಒಳಗೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ."

ಸಾಹೇಬರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮೇಲಿಂದ ಕೆಳಗಿನ ತನಕ ಓದಿದರು.

"ಟಪಾಲಕ್ಕ," ಎಂದರು ಸಾಹೇಬರು ನಿಧಾನಕ್ಕೆ, "ನೀವು ಇದನ್ನ ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅದಕ್ಕೇ ಹೇಳಿದೆ ಸಾರ್."

ನೋಡಿ, ಮೂವತ್ತು ವರ್ಷ ಜೋಪಾನ ಮಾಡಿದ ಹೆಸರನ್ನು ತಾನೇ ಮೇಜಿನ ಮೇಲಿಟ್ಟು, ಇದರಲ್ಲಿ ಹರಿದಿದೆ ಎಂದು ಬೆರಳು ತೋರಿಸುವುದು ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ. ಸಾಹೇಬರು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡರು. ಗ್ರೀಸಣ್ಣನ ಸಹಿ ಗ್ರೀಸಣ್ಣನ ಹತ್ತಿರವೇ ಉಳಿಯಿತು. ಸವೆದ ಪಟ್ಟಿಯ ಮೇಲ್ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ವಿಚಾರಿಸುವ ಕೆಲಸ ಮ್ಯಾನೇಜರ ಹೆಗಲಿಗೆ ಬಿತ್ತು. ಇನ್ನೊಂದು ಅಪ್ಪಣೆಯೂ ಆಯಿತು: ಕಂಪನಿಯಲ್ಲಿ ಏಜೆಂಟಿಗೆ ಕೊಡುವ ಯಾವ ಉಪಕರಣದ ಪುಟವೂ ಟಪಾಲಕ್ಕ ಓದಿ ಒಪ್ಪದೆ ಹೊರಗೆ ಹೋಗಕೂಡದು.

ಈಗ ಆ ಮರದ ಕಿಟಕಿಯಲ್ಲಿ ಮತ್ತೆ ಸಾಲು ಇರುತ್ತದೆ. ನಾವು ಕಂಪ್ಯೂಟರಿನವರೇ ಮೊಣಕೈ ಊರಿ ನಿಂತಿರುತ್ತೇವೆ. ಅತ್ತೆ ನಮ್ಮ ಪುಟಗಳನ್ನು ಓದಿ, "ಇದು ಏನು ಮಾಡಲ್ಲ ಅಂತ ಎಲ್ಲಿ ಬರ್ದಿದ್ಯಾ?" ಎಂದು ಕೇಳಿ, ಹತ್ತರಲ್ಲಿ ಎಂಟನ್ನು ವಾಪಸು ಕಳಿಸುತ್ತಾಳೆ. ಒಪ್ಪಿದ ಪುಟವನ್ನು ಅಚ್ಚು ಹಾಕಿಸಿ ಅದರ ನೆತ್ತಿಗೆ ಆ ಹಳೆಯ ಮೊಹರು ಠಕ್ಕೆಂದು ಹೊಡೆಯುತ್ತಾಳೆ. ಏಜೆಂಟಿಗೆ ಮೊಹರು ಕಾಣುವುದಿಲ್ಲ ಅತ್ತೆ ಎಂದರೆ, "ನಿನಗೆ ಕಾಣುತ್ತಲ್ಲ, ಸಾಕು" ಎನ್ನುತ್ತಾಳೆ.

ವಿಚಾರಣೆಯಾದ ದಿನ ಗ್ರೀಸಣ್ಣ ಕಿಟಕಿಯ ಹತ್ತಿರ ಬಂದಿದ್ದ. ಅತ್ತೆ ಕೈಮುಗಿದು, ತಪ್ಪಾಯಿತಪ್ಪಾ ಎಂದಳು. ಅವನು ಅಂಚಿಗೆ ಮೊಣಕೈ ಊರಿ, "ಏನಕ್ಕಾ, ಇವತ್ತು ಯಾರ ಪ್ರೇಮಪತ್ರ ಬಂದಿದೆ?" ಎಂದ. ಅತ್ತೆ ಅವನ ಹೊಸ ಫೋನ್ ಇಸಿದುಕೊಂಡು, ಹೊಸ ಮೇಲ್ ತೆರೆಯುವುದು ಹೀಗೆ, ವಿಳಾಸ ಹೀಗೆ, ತಲೆಬರಹ ಹೀಗೆ ಎಂದು ಎರಡು ಸಲ ಮಾಡಿ ತೋರಿಸಿದಳು. ಅವನು ಶ್ರದ್ಧೆಯಿಂದ ನೋಡಿ, ಬಂತು ಬಂತು ಎಂದು ತಲೆ ಆಡಿಸಿ ಹೋದ.

ಸೋಮವಾರ ಬೆಳಿಗ್ಗೆ ಅತ್ತೆ ಏಜೆಂಟನ್ನು ಕೇಳಿದಳು: ಗ್ರೀಸಣ್ಣನಿಂದ ಏನಾದರೂ ಬಂದಿದೆಯೇ? ಅದು ಅವಳ ಪುಟ ಓದಿತು, ಕೊನೆಯ ಮೇಲ್ ತನಕ ಹುಡುಕಿತು, ತಂದು ಮುಂದಿಟ್ಟಿತು.

ಒಂದು ಬಂದಿತ್ತು. "ಅಕ್ಕಾ ನಿಮ್ಮ ಉಪಕಾರ ಮರೆಯಲ್ಲ. ೪೭ಕ್ಕೆ ಹೊಸ ಪಟ್ಟಿ ಹಾಕಿ ಸಹಿ ಮಾಡಿ ಬಂದೆ."

ತಲೆಬರಹ: ಸಮವಸ್ತ್ರದ ಅಳತೆ.